ಕಪಾಟಿನಿಂದ ಬಂದ ಅಪಾಯದ ಕರೆ

ಪ್ರೀತಿಯ ಮಾವನಿಗೆ,

ಎದುರಿಗೆ ನಿಂತರೆ ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ತರಗತಿಯ ಅಕ್ಷರ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಹಳೆಯ ದೋಣಿಯನ್ನು ಒಡೆಸಿ ಅತ್ತೆಗೆ ಕಪಾಟು ಮಾಡಿಸಿದಿರಿ, ದೋಣಿಯಲ್ಲಿದ್ದ ರೇಡಿಯೊವನ್ನು ನನ್ನ ಮೀನು ದೋಣಿಗೆ ಕೊಟ್ಟಿರಿ. "ಈ ಕೆಂಪು ಗುಂಡೀನ ಐದು ಸೆಕೆಂಡ್ ಒತ್ತಿ ಹಿಡಿದ್ರೆ ನೀನಿರೋ ಜಾಗದ ಸಮೇತ ದಡಕ್ಕೆ ಸುದ್ದಿ ಹೋಗುತ್ತೆ. ಆದ್ರೆ ಒಳಗಿರೋದು ನನ್ನ ದೋಣಿ ನಂಬರು. ಬಂದರು ಕಚೇರಿಗೆ ಹೋಗಿ ನಿನ್ನ ಹೆಸರಿಗೆ ಬದಲಾಯಿಸ್ಕೋ" ಎಂದಿರಿ. ಮೊದಲ ಮಾತು ನನಗೆ ತುಂಬ ಹಿಡಿಸಿತು. ಬಾಯಿ ಬಿಡುವ ಕೆಲಸವೇ ಇಲ್ಲ! ಎರಡನೆಯದಕ್ಕೆ ಕಚೇರಿಯ ಬಾಗಿಲ ತನಕ ಮೂರು ಸಲ ಹೋದೆ. ಗುಮಾಸ್ತರು ತಲೆ ಎತ್ತಿ ನೋಡಿದರು. ಮೂರು ಸಲವೂ ತಿರುಗಿ ಬಂದೆ.

ಮೊನ್ನೆ ಮಧ್ಯಾಹ್ನ ಕಡಲಿನಲ್ಲಿ ನನ್ನ ದೋಣಿಯ ತಳ ಬಿರುಕು ಬಿಟ್ಟಾಗ ಕೆಂಪು ಗುಂಡಿ ಒತ್ತಿ, ಬಕೆಟ್ಟಿನಿಂದ ನೀರು ಎತ್ತಿ ಚೆಲ್ಲತೊಡಗಿದೆ. ರೇಡಿಯೊದಲ್ಲಿ ಹೆಂಗಸೊಬ್ಬರು ಕರೆಯತೊಡಗಿದರು, ನಿಮ್ಮ ದೋಣಿಯ ಹೆಸರು ಹಿಡಿದು. ಹೆದರಿಕೆಯಲ್ಲಿ ನಂಬರಿನ ವಿಷಯ ತಲೆಯಿಂದ ಹಾರಿಹೋಗಿತ್ತು. ಅತ್ತೆಯ ಕಪಾಟನ್ನು ಇವರೇಕೆ ಕರೆಯುತ್ತಾರೆ ಎಂದುಕೊಂಡೆ. ಬೇರೆಯವರ ಮಾತಿನ ನಡುವೆ ಬಾಯಿ ಹಾಕಬಾರದಲ್ಲ? ಅವರು ಮುಗಿಸಲಿ ಎಂದು ಕಾದೆ. ನೀರು ಮೊಣಕಾಲಿಗೆ ಬಂತು.

ದಡದಲ್ಲಿ ನಡೆದದ್ದನ್ನು ಅತ್ತೆ ಹೇಳಿದರು. ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕುಳಿತಿದ್ದ ನಿಮಗೆ ರಕ್ಷಣಾ ಕಚೇರಿಯಿಂದ ಫೋನು. "ನಿಮ್ಮ ದೋಣಿ ಮುಳುಗ್ತಾ ಇದೆಯಾ?"

"ನನ್ನ ದೋಣಿ ಮನೇಲಿದೆ ಕಣಮ್ಮ. ಅದರೊಳಗೆ ನಮ್ಮವಳ ಬಟ್ಟೆ ಇದೆ."

ಸುಳ್ಳು ಕರೆ ಎಂದು ಅವರು ಬರೆದುಕೊಳ್ಳುವಷ್ಟರಲ್ಲಿ ನಿಮಗೆ ನಾನು ನೆನಪಾದೆ. ಅರ್ಧ ಗಡ್ಡದಲ್ಲೇ ರಕ್ಷಣಾ ಕಚೇರಿಗೆ ಓಡಿ, ರೇಡಿಯೊದಲ್ಲಿ ಕರೆಯುತ್ತಿದ್ದ ಆ ಹೆಂಗಸಿನ ಕೈಯಿಂದ ಮೈಕು ಕಿತ್ತುಕೊಂಡಿರಿ.

"ಲೋ ಮೂಗ! ಕರೀತಿರೋದು ನಿನ್ನನ್ನೇ ಕಣೋ! ಮುಳುಗೋಕೆ ಮುಂಚೆ ಒಂದ್ಸಲ ಬಾಯಿ ಬಿಡೋ!"

ಕಡಲಲ್ಲಿ ರೇಡಿಯೊ ಇದ್ದ ದೋಣಿಗಳೆಲ್ಲ ಕೇಳಿಸಿಕೊಂಡವು. ಮುಳುಗುವುದೇ ಮೇಲು ಎನಿಸಿತು. ಆದರೂ ಮೈಕಿನ ಗುಂಡಿ ಒತ್ತಿ ಹೇಳಿದೆ: "ಮಾವ, ನಾನೇ. ಒಬ್ಬನೇ ಇದ್ದೀನಿ. ನೀರು ತೊಡೆಗೆ ಬಂದಿದೆ. ಬೇಗ ಬನ್ನಿ." ಅಪರಿಚಿತರ ಕಿವಿಗೆ ಬೀಳುವಂತೆ ಇಷ್ಟುದ್ದ ಮಾತಾಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ರಕ್ಷಣಾ ದೋಣಿ ಬಂತು, ಅದರ ಮುಂದುಗಡೆ ನೀವು. ದಡ ಮುಟ್ಟುವವರೆಗೂ ಬೈದಿರಿ. ಕೈ ಮಾತ್ರ ನನ್ನ ಭುಜ ಬಿಡಲಿಲ್ಲ.

ನಿನ್ನೆ ಬಂದರು ಕಚೇರಿಯ ಒಳಗೇ ಹೋದೆ. ಅರ್ಜಿಯಲ್ಲಿ, ಅಪಾಯ ಬಂದರೆ ದಡದಲ್ಲಿ ಯಾರಿಗೆ ತಿಳಿಸಬೇಕು ಎಂದು ಕೇಳಿದ್ದ ಕಡೆ ನಿಮ್ಮ ಹೆಸರು ಬರೆದೆ. ಗುಮಾಸ್ತರು, "ಇವರು ಫೋನ್ ಎತ್ತುತ್ತಾರಾ?" ಎಂದರು.

"ಎತ್ತುತ್ತಾರೆ ಸಾರ್. ಮೊದಲು ಬೈತಾರೆ, ಆಮೇಲೆ ಬರ್ತಾರೆ."

ನಿಮ್ಮ ಗಂಟಲು ನೂರು ವರ್ಷ ಗಟ್ಟಿಯಾಗಿರಲಿ ಮಾವ.

ನೀವು ಬೈದು ಬದುಕಿಸಿದ
ಅಳಿಯ