ಸೋಮಾರಿಗಳು ಎದ್ದ ದಿನ

ಲೇ ಆಮೆ,

ನಿನ್ನ ಹೊಸ ವಿಳಾಸ ನನ್ನಲ್ಲಿಲ್ಲ, ಯಾರನ್ನಾದರೂ ಕೇಳಲು ಮುಖವೂ ಇಲ್ಲ. ಆದರೂ ಇದನ್ನು ನಿನಗೆ ಹೇಳದೆ ಇರಲಾರೆ.

ಲ್ಯಾಬಿನ ಫ್ರೀಜರ್ ಖಾಲಿ ಮಾಡುವಾಗ ನೀನು ಕೂಡಿಟ್ಟ ಕಾಂಡಕೋಶಗಳ (ಸ್ಟೆಮ್ ಸೆಲ್) ಸೀಸೆ ಸಿಕ್ಕಿತು. ಮೇಲೆ ನಿನ್ನದೇ ಅಕ್ಷರದಲ್ಲಿ "ಸೋಮಾರಿಗಳು" ಎಂದಿತ್ತು. ಅಂದು ನರಗಳನ್ನು ಕಾಪಾಡುವ ಔಷಧಿ ಹಾಕಿದಾಗ ಇವು ಜಪ್ಪಯ್ಯ ಅಂದರೂ ಮಿಸುಕಲಿಲ್ಲವೆಂದು, ಆರನೇ ದಿನಕ್ಕೇ ತಟ್ಟೆಯನ್ನು ಕಸಕ್ಕೆ ಸುರಿದವಳು ನಾನು. "ಇನ್ನು ಮೂರು ದಿನ ತಡ್ಕೊಳ್ಳೇ, ಅವಕ್ಕೂ ಮೈ ಮುರಿಯೋಕೆ ಟೈಮ್ ಬೇಕು" ಅಂದಿದ್ದೆ ನೀನು. ಮರುವಾರ ನಿನ್ನ ಕುರ್ಚಿ ಖಾಲಿಯಾಗಿತ್ತು.

ಈ ಸಲ ಸೀಸೆಯಲ್ಲಿದ್ದವನ್ನು ತಟ್ಟೆಗಿಳಿಸಿ, ಅದೇ ಔಷಧಿ ಹಾಕಿ ಕಾದೆ. ಇವತ್ತು ಒಂಬತ್ತನೇ ದಿನ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ನಿನ್ನ ಸೋಮಾರಿಗಳು ನರಕೋಶಗಳ ಹಾಗೆ ಎಳೆ ಚಾಚಿ ಒಂದರ ಕೈ ಒಂದು ಹಿಡಿದಿವೆ! ನಾನು ಕೂಗಿದ ಕೂಗಿಗೆ ಲ್ಯಾಬಿನ ಹೊಣೆ ಹೊತ್ತ ಮೇಡಂ ಓಡಿ ಬಂದು, ನೋಡಿ, ಅಲ್ಲೇ ಕೂತುಬಿಟ್ಟರು.

"ಮೊದಲು ತಟ್ಟೆಗೆ ಚೀಟಿ ಅಂಟಿಸು. ನಿನ್ನ ಹೆಸರು ಬರಿ," ಅಂದರು.

'ಬೆಳೆಸಿದವರು' ಎಂಬಲ್ಲಿ ನಿನ್ನ ಹೆಸರು ಬರೆದೆ.

"ಇವಳು ಬಿಟ್ಟು ಹೋಗಿ ಎರಡು ವರ್ಷ ಆಯ್ತಲ್ಲ?"

"ಬರ್ತಾಳೆ ಮೇಡಂ," ಅಂದೆ. "ಅವಳು ಸ್ವಲ್ಪ ನಿಧಾನ."