ನಿನ್ನಪ್ಪನ ವ್ಯಾನು ಸೋರಿದ ವರ್ಷ

ಹೊಳಲ್ಕೆರೆ
ಭಾನುವಾರ

ನನ್ನ ಕೀರ್ತನಾ,

ನಿನ್ನೆ ನೀನು ಚಿತ್ರದುರ್ಗದಿಂದ ಫೋನ್ ಮಾಡಿ ಲಗ್ನಪತ್ರಿಕೆಯ ಮಾತೆತ್ತಿದೆ. "ಯಾರ ಮಗಳು ಅಂತ ಹಾಕ್ಸಾಣ?" ಎಂದು ಕೇಳಿದೆ. ನಾನು ಗಿರಾಕಿ ಬಂದಿದ್ದಾರೆ ಎಂದು ಹೇಳಿ ಇಟ್ಟುಬಿಟ್ಟೆ. ಹೊಲಿಗೆ ಅಂಗಡಿಯಲ್ಲಿ ಗಿರಾಕಿ ಯಾರೂ ಇರಲಿಲ್ಲ. ನೀನು ಅಷ್ಟು ಸಂಕೋಚಪಟ್ಟು ಕೇಳಬೇಕಾಯಿತಲ್ಲ ಎನಿಸಿತ್ತು.

ಶ್ರೀಮತಿ ಅನುಸೂಯ ಮತ್ತು ದಿವಂಗತ ನಿರಂಜನ್ ಇವರ ಮಗಳು ಎಂದೇ ಹಾಕಿಸು. ಕೆಳಗಡೆ ಸುಖಾಗಮನ ಬಯಸುವವರ ಸಾಲಿನಲ್ಲಿ ನನ್ನ ಹೆಸರು ಬಂದರೆ ಸಾಕು. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ 'ಪಾಪ, ನೊಂದುಕೊಂಡರು' ಎಂದು ನೀನು ಒಳಗೊಳಗೇ ಕೊರಗುತ್ತೀಯ. ನೋವಾಗಲಿಲ್ಲ ಕಣವ್ವ. ಯಾಕೆ ಆಗಲಿಲ್ಲ ಎಂದು ತಿಳಿಸುವುದಕ್ಕೇ ಬರೆಯಲು ಕುಳಿತೆ.

ಮಠದಲ್ಲಿ ನಾಲ್ಕು ಜನರ ಮುಂದೆ ನಿನ್ನಮ್ಮನ ಕೈ ಹಿಡಿದು ನಿಮ್ಮ ಮನೆಗೆ ಬಂದಾಗ ನಿನಗಿನ್ನೂ ಹನ್ನೊಂದು ವರ್ಷ. ನನ್ನನ್ನು ನೀನು ಏನೆಂದೂ ಕರೆಯುತ್ತಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಬಾಗಿಲ ಹತ್ತಿರ ನಿಂತು ತಟ್ಟೆ ಸದ್ದು ಮಾಡುತ್ತಿದ್ದೆ. ನಾನು ಒಂದು ಫ್ರಾಕ್ ಹೊಲಿದುಕೊಟ್ಟೆ. ನೀನು ಅದನ್ನು ಮಡಚಿ ಟ್ರಂಕಿನ ತಳಕ್ಕಿಟ್ಟೆ. ನಿನ್ನಪ್ಪ ಕಾಮಾಲೆಯಲ್ಲಿ ತೀರಿಕೊಂಡು ಎರಡು ವರ್ಷವಾಗಿದ್ದರೂ ಮನೆಯಲ್ಲಿ ಅವನ ಹೆಸರು ಎತ್ತುವವರಿರಲಿಲ್ಲ. ನನಗೆ ಬೇಸರವಾದೀತೆಂದು ನಿನ್ನಮ್ಮ ಅಂಜುತ್ತಿದ್ದಳು. ಅವಳಿಗೆ ಅಳು ಬಂದೀತೆಂದು ನೀನು ಅಂಜುತ್ತಿದ್ದೆ. ಕೇಳುವುದಕ್ಕೆ ನನಗೂ ಧೈರ್ಯವಿರಲಿಲ್ಲ.

ಅವನದೆಂದು ಉಳಿದಿದ್ದು ಅಂಗಳದ ಹಳೇ ವ್ಯಾನು. ಅದರಲ್ಲೇ ಅವನು ಸ್ಕೂಲ್ ಯೂನಿಫಾರ್ಮ್ ತುಂಬಿಕೊಂಡು ಸಂತೆಗಳಿಗೆ ಹೋಗುತ್ತಿದ್ದನಂತೆ. ನಾನು ಬಂದ ಮೇಲೆ ಅದೇ ವ್ಯಾಪಾರವನ್ನು ನಿನ್ನಮ್ಮ ಮತ್ತೆ ಶುರು ಮಾಡಿದಳು. ನಾನು ಹೊಲಿಯುವುದು, ವ್ಯಾನು ಓಡಿಸುವುದು; ಅವಳು ಮಾರುವುದು. ರಜೆ ಇದ್ದರೆ ನೀನೂ ಬರುತ್ತಿದ್ದೆ. ಡ್ರೈವರ್ ಸೀಟಿನ ಹಿಂದೆ, ಕಿಟಕಿ ಪಕ್ಕ ನಿನ್ನ ಜಾಗ. ಅಲ್ಲಿ ಬೇರೆ ಯಾರೂ ಕೂರುವಂತಿರಲಿಲ್ಲ.

ಆ ಮುಂಗಾರಿನಲ್ಲಿ ವ್ಯಾನು ಸೋರತೊಡಗಿತು. ಸರಿಯಾಗಿ ನಿನ್ನ ಸೀಟಿನ ಮೇಲೆಯೇ. ಮಳೆ ನಿಂತ ಮೇಲೂ ಬಿಡುತ್ತಿರಲಿಲ್ಲ. ಚಾವಣಿಯ ಒಳಹೊದಿಕೆಯಲ್ಲಿ ನೀರು ತುಂಬಿಕೊಂಡು, ರಾಮಗಿರಿ ಕಡೆಯ ತಿರುವಿನಲ್ಲಿ ವ್ಯಾನು ವಾಲಿದರೆ ಚೊಂಬಿನಿಂದ ಸುರಿದ ಹಾಗೆ ನಿನ್ನ ಹೆಗಲ ಮೇಲೆ ಬೀಳುತ್ತಿತ್ತು. "ಮುಂದೆ ಬಾರೆ" ಎಂದು ನಿನ್ನಮ್ಮ ಎಷ್ಟು ಕರೆದರೂ ನೀನು ಏಳಲಿಲ್ಲ. ತಲೆ ಮೇಲೆ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿರುತ್ತಿದ್ದೆ. ಒಂದು ಸಲ ಭರಮಸಾಗರಕ್ಕೆ ಹೋಗುವಷ್ಟರಲ್ಲಿ ಬಿಳಿ ಅಂಗಿಗಳ ಗಂಟು ಪೂರ್ತಿ ನೆನೆದು ತುಕ್ಕಿನ ಕಲೆ ಹಿಡಿಯಿತು. ನಿನ್ನಮ್ಮ ಗಂಟನ್ನು ವಾಪಸು ಕಟ್ಟಿದಳು. ಆ ರಾತ್ರಿಯೇ ನಿನಗೆ ಜ್ವರ ಬಂತು.

ಮೆಕ್ಯಾನಿಕ್ ಕೆಂಚಣ್ಣ ಬಂದು, ಚಾವಣಿಯ ಮೇಲೆ ಸಾಮಾನು ಕಟ್ಟುವ ಕಂಬಿಗಳಿಗೆ ಕೈಯಾಡಿಸಿ ನೋಡಿದ. "ಈ ಕ್ಯಾರಿಯರ್ ಕಿತ್ತು ಬಿಸಾಕ್ರಿ. ತಗಡು ಕೊರೆದು ಬೋಲ್ಟ್ ಹಾಕವ್ರೆ, ಸೋರದೆ ಇನ್ನೇನು ಮಾಡ್ತೈತೆ? ತೂತು ಮುಚ್ಚಿ ಬಣ್ಣ ಹೊಡೆದುಕೊಡ್ತೀನಿ" ಎಂದ. ನನಗೂ ಅದೇ ಸರಿ ಎನಿಸಿತು. ಮರುದಿನ ಸ್ಪ್ಯಾನರ್ ಹಿಡಿದು ಸ್ಟೂಲ್ ಹತ್ತಿದೆ. ಜ್ವರ ಬಿಟ್ಟು ಎದ್ದಿದ್ದ ನೀನು ಕಂಬಳಿ ಹೊದ್ದುಕೊಂಡೇ ಓಡಿಬಂದು ಸ್ಟೂಲಿನ ಕಾಲು ಹಿಡಿದುಕೊಂಡೆ.

"ಅದು ನಮ್ಮಪ್ಪ ಹಾಕ್ಸಿದ್ದು. ಮುಟ್ಬ್ಯಾಡ್ರಿ."

ನನ್ನ ಜೊತೆ ನೀನಾಡಿದ ಮೊದಲ ಮಾತು ಅದು. ನಾನು ಏನೋ ಸಮಾಧಾನ ಹೇಳಲು ಹೋದೆ. ನೀನು ಬಿಡಲಿಲ್ಲ. "ನೀರು ಅಲ್ಲಿಂದ್ಲೇ ಬರ್ತೈತೆ ಅಂತ ಯಾರು ನೋಡವ್ರೆ? ನೀವು ನೋಡಿದ್ರಾ?" ಎಂದು ಕೇಳಿದೆ. ಕೆಂಚಣ್ಣನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಕೆಳಗಿಳಿದು, "ಹಂಗಾರೆ ಇಬ್ರೂ ಸೇರಿ ನೋಡಾಣ. ಅಲ್ಲಿಂದ ಸೋರ್ತಿಲ್ಲ ಅಂದ್ರೆ ನಾನು ಮುಟ್ಟಲ್ಲ" ಎಂದೆ. ನೀನು ಕಣ್ಣೊರೆಸಿಕೊಂಡು ತಲೆಯಾಡಿಸಿದೆ.

ಒಳಹೊದಿಕೆಯನ್ನು ಹರಿಯದಂತೆ ಬಿಚ್ಚಿದೆವು. ಬರೀ ತಗಡು ಕಾಣಿಸಿತು. ಅದನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿದೆವು. ಟಾರ್ಚು ಮತ್ತು ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದು ನೀನು ಒಳಗೆ ಕೂತೆ. ನಾನು ಮೇಲಿಂದ ಪೈಪು ಹಿಡಿದೆ. ಎಲ್ಲ ಕಡೆ ಒಟ್ಟಿಗೆ ಸುರಿದರೆ ಗೊತ್ತಾಗುವುದಿಲ್ಲವೆಂದು ಒಂದೊಂದೇ ಜಾಗಕ್ಕೆ ಬಿಟ್ಟು, ಕಾದು, ಆಮೇಲೆ ಮುಂದಿನದು. ಮೊದಲು ಮುಂದಿನ ಗಾಜಿನ ರಬ್ಬರ್. "ಇಲ್ಲ, ಒಣಗೈತೆ" ಎಂದೆ ನೀನು. ಆಮೇಲೆ ಕ್ಯಾರಿಯರಿನ ಬೋಲ್ಟುಗಳು. ನಾನು ಬಗ್ಗಿ ಕಿಟಕಿಯಲ್ಲಿ ನೋಡಿದರೆ ನೀನು ಕಣ್ಣು ಮಿಟುಕಿಸದೆ ಮೇಲೇ ನೋಡುತ್ತ ತುಟಿ ಕಚ್ಚಿಕೊಂಡಿದ್ದೆ. ನಿಜ ಹೇಳಲೇ, ಅಲ್ಲಿಂದ ಸೋರದಿರಲಿ ಎಂದು ನಾನೂ ಬೇಡಿಕೊಂಡೆ. ಬಹಳ ಹೊತ್ತು ನೀರು ಬಿಟ್ಟೆ. ಒಂದು ಹನಿಯೂ ಇಳಿಯಲಿಲ್ಲ.

ಕೊನೆಗೆ ಚಾವಣಿಯ ಅಂಚಿನಲ್ಲಿ ಉದ್ದಕ್ಕೂ ಇರುವ ಸಣ್ಣ ಕಾಲುವೆಗೆ ಪೈಪು ಹಿಡಿದೆ. "ಬಂತು! ಬಂತು!" ಎಂದು ನೀನು ಕೂಗಿದೆ. ನೀರು ಮುಂದಿನ ಮೂಲೆಯಲ್ಲಿ ಒಳಗೆ ಹೊಕ್ಕು, ತಗಡಿನ ಅಂಚು ಹಿಡಿದು ಹಿಂದಕ್ಕೆ ಹರಿದು, ನಿನ್ನ ಸೀಟಿನ ಮೇಲೆ ಬೀಳುತ್ತಿತ್ತು. ನೀನು ಅದರ ದಾರಿಯುದ್ದಕ್ಕೂ ಗೆರೆ ಎಳೆದಿದ್ದೆ. ಹೊರಗೆ ನೋಡಿದರೆ ಕಾಲುವೆಯ ಬೆಸುಗೆಗೆ ನೀರು ಇಳಿಯದಂತೆ ಹಾಕಿದ್ದ ಪೇಸ್ಟು ವರ್ಷಗಟ್ಟಲೆ ಬಿಸಿಲಿಗೆ ಒಣಗಿ, ಕೆರೆಯ ಮಣ್ಣಿನಂತೆ ಬಿರಿದಿತ್ತು.

"ಇದು ಯಾರು ಮಾಡಿದ್ದೂ ಅಲ್ಲ, ವಯಸ್ಸಾಗೈತೆ" ಎಂದೆ ನಾನು.

"ಹಂಗಾರೆ ನಮ್ಮಪ್ಪಂದಲ್ಲ ತಪ್ಪು" ಎಂದೆ ನೀನು. ಅಡುಗೆಮನೆಗೆ ಓಡಿ ಅದನ್ನೇ ಅಮ್ಮನಿಗೂ ಕೂಗಿ ಹೇಳಿದೆ. ನಿನ್ನಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು.

ಒಡೆದ ಪೇಸ್ಟನ್ನೆಲ್ಲ ಕೆರೆದೆವು. ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ, ಬಿಸಿಲಿಗೆ ಬಿಟ್ಟು, ತುಕ್ಕು ಹಿಡಿಯದ ಬಣ್ಣ ಬಳಿದೆವು. ಅದು ಒಣಗಿದ ಮೇಲೆ ಟ್ಯೂಬಿನಿಂದ ಹೊಸ ಪೇಸ್ಟು ಹಾಕಿ, ಸೋಪಿನ ನೀರಲ್ಲಿ ಬೆರಳದ್ದಿ ನಯ ಮಾಡಿದೆ. ಇನ್ನೊಂದು ಬದಿ ನಿನ್ನ ಪಾಲು. ನನ್ನದಕ್ಕಿಂತ ನಿನ್ನದೇ ನೀಟಾಗಿತ್ತು. ಟ್ಯೂಬಿನಲ್ಲಿ ಸ್ವಲ್ಪ ಉಳಿಯಿತು. ನೀನು ಕ್ಯಾರಿಯರ್ ಕಡೆ ನೋಡಿ, "ಅದಕ್ಕೂ ಹಚ್ರಿ, ಮುಂದೆ ಸೋರಬಾರ್ದು" ಎಂದೆ. ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಪೇಸ್ಟು ಹಚ್ಚಿ, ಮತ್ತೆ ಅಲ್ಲಲ್ಲೇ ಬಿಗಿದೆ. ನಿನ್ನಪ್ಪನ ವಸ್ತುವನ್ನು ಮುಟ್ಟಲು ನೀನೇ ಹೇಳಿದೆಯಲ್ಲ, ಒಂದೊಂದನ್ನೂ ಎರಡೆರಡು ಸಲ ಬಿಗಿದು ನೋಡಿದೆ.

ಅದಾದ ಮೇಲೆ ಮಳೆಯೇ ಮಾಯ. ನಮ್ಮ ಸೀಮೆಯ ಮಳೆ ನಿನಗೆ ಗೊತ್ತಲ್ಲ. ದಿನಾ ಶಾಲೆಯಿಂದ ಬಂದು ಮೋಡ ನೋಡುತ್ತಿದ್ದೆ. ಕೊನೆಗೊಂದು ಸಂಜೆ ಧೋ ಎಂದು ಹೊಡೆಯಿತು. ಎಲ್ಲರೂ ಒಣಹಾಕಿದ ಬಟ್ಟೆ ತೆಗೆಯಲು ಓಡುತ್ತಿದ್ದರೆ ನೀನು ನನ್ನ ಅಂಗಿ ಹಿಡಿದು, "ಬರ್ರಿ, ಬೇಗ ಬರ್ರಿ" ಎಂದು ವ್ಯಾನಿನೊಳಕ್ಕೆ ಎಳೆದೆ. ಇಬ್ಬರೂ ಚಾವಣಿಗೆ ಅಂಗೈ ಒತ್ತಿ ನೋಡಿದೆವು. ಬೆಚ್ಚಗೆ ಒಣಗಿತ್ತು. ನಿನ್ನಮ್ಮ ಗೋಣಿಚೀಲ ತಲೆಗೆ ಹಾಕಿಕೊಂಡು ಮಂಡಕ್ಕಿ ಮೆಣಸಿನಕಾಯಿ ತಂದಳು.

ತಿನ್ನುತ್ತ ತಿನ್ನುತ್ತ ನೀನೇ ಶುರು ಮಾಡಿದೆ. "ಮಳೆ ಬಂದ್ರೆ ನಮ್ಮಪ್ಪ ಗಾಡಿ ನಿಲ್ಲಿಸಿಬಿಡ್ತಿದ್ದ. ವೈಪರ್ ನಂಬ್ತಿರ್ಲಿಲ್ಲ. ಶ್ರೀರಾಂಪುರದ ದಾರೀಲಿ ಒಂದ್ಸಲ ಹಿಂಗೇ ಕುಂತು ಎಷ್ಟು ಕೆಟ್ಟದಾಗಿ ಹಾಡಿದ ಅಂದ್ರೆ..." ನಿನ್ನಮ್ಮ ಅಲ್ಲಿಯೇ ನಗಲು ಶುರು ಮಾಡಿದಳು. ಅವಳ ಬಾಯಿಂದಲೂ ಕಥೆಗಳು ಬಂದವು. ಒಂಟಿ ತೋಳಿನ ಅಂಗಿ ಮಾರಿ ಸಂತೆಯಲ್ಲಿ ಸಿಕ್ಕಿಬಿದ್ದದ್ದು, ನೀನು ಹುಟ್ಟಿದ ದಿನ ಊರಿಗೆಲ್ಲ ಬೆಲ್ಲ ಹಂಚಿದ್ದು. ನಾನು ಕಂಡಿರದ ಆ ಮನುಷ್ಯ ಅವತ್ತು ನಮ್ಮ ನಡುವೆ ಬಂದು ಕೂತಿದ್ದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಅವನ ಹೆಸರನ್ನು ನಿನ್ನ ಹೆಸರಿನ ಪಕ್ಕ ನೋಡಿದರೆ ನನಗೆ ಯಾಕೆ ನೋವಾಗಲಿ?

ಮಳೆ ನಿಂತಿತು. "ಇಳಿಯಾಣ?" ಎಂದು ನೀನು ಕೇಳಿದೆ. ನಾನು, "ಇನ್ನೊಂದು ಹೇಳು" ಎಂದೆ. ನೀನು ಕಾಲು ಮಡಚಿ ಕೂತು ಹೇಳಿದೆ.

ಹೋಗುವ ಮನೆಯಲ್ಲಿ ನಿನ್ನ ಮಾತಿಗೆ ಸದಾ ಕಿವಿ ಇರಲಿ, ಕೈ ಹಿಡಿಯುವ ಅಂಜನ್ ಜೊತೆ ನೂರ್ಕಾಲ ನಗುನಗುತ್ತಾ ಬಾಳು.

ಸುಖಾಗಮನ ಬಯಸುವ
ಮೂರ್ತಪ್ಪ