ಗಿಣ್ಣ ಹಂಚಿದ ಮರುದಿನ

ತೋಟದ ವಸ್ತಿ, ಮಸೂತಿ
12 ನವೆಂಬರ್ 2024

ಪ್ರೀತಿಯ ಗುಲನಾಜ,

ಹೇಗಿದ್ದೀಯ? ಅಗರಖೇಡದಲ್ಲಿ ನಿಮ್ಮ ಅತ್ತೆ, ಮಾವ, ನಿಮ್ಮ ಯಜಮಾನರು ಅಯೂಬಣ್ಣ ಎಲ್ಲರೂ ಆರಾಮ ಇದ್ದಾರೆಂದು ತಿಳಿದಿದ್ದೇನೆ. ನೀನು ಮೂರು ಸಲ ಫೋನ್ ಮಾಡಿದಿ. ಮೂರು ಸಲವೂ ನಾನು ಹೂಂ, ಹೂಂ ಎಂದು ಇಟ್ಟುಬಿಟ್ಟೆ. ಸಿಟ್ಟಾಗಬೇಡ. ಫೋನ್ ಕಿವಿಗೆ ಹಚ್ಚಿದರೆ ನಿನ್ನ ಮುಂದೆಯೂ ನನ್ನ ಬಾಯಿ ಕಟ್ಟುತ್ತದೆ, ನಿನಗೆ ಗೊತ್ತೇ ಇದೆ. ಬರೆಯುವಾಗ ಮಾತ್ರ ನಾನು ಬಾಯಿಬಡಕಿ. ಕಾಗದ ತಡವಾಯಿತು, ಆದರೆ ಈ ಸಲ ಸುದ್ದಿ ದೊಡ್ಡದು.

ನಮ್ಮ ಕಾಶಿ ಎಮ್ಮೆ ಹೋದ ಬುಧವಾರ ಈಯಿತು. ಹೆಣ್ಣು ಕರು, ಹಣೆಯ ಮೇಲೆ ಬೆರಳಿನಿಂದ ಸುಣ್ಣ ಒರೆಸಿದಂಥ ಬಿಳಿ ಬೊಟ್ಟು. ನಮ್ಮ ಮುದುಕಿ ಆಯಿ ಸಿದ್ದವ್ವನ ಪದ್ಧತಿ ನಿನಗೆ ಗೊತ್ತಲ್ಲ, ಎಮ್ಮೆ ಈದರೆ ವಸ್ತಿಯ ಹದಿನಾಲ್ಕೂ ಮನೆಗೆ ಗಿಣ್ಣ ಹೋಗಬೇಕು. ಒಂದು ಮನೆ ತಪ್ಪಿದರೂ ಅವಳಿಗೆ ಊಟ ಸೇರುವುದಿಲ್ಲ. ಅದಕ್ಕೆ ಅವತ್ತು ಎರಡೂ ಹೊತ್ತು ಕೆಚ್ಚಲು ಬರಿದಾಗುವ ತನಕ ಹಿಂಡಿದಳು. ನಿಮ್ಮ ಅವ್ವ ಜೋಹರಾಬಿ ಕಾಕಿಗೆ ಡಬ್ಬಿ ತುಂಬಿ ಕೊಟ್ಟು ಬಂದದ್ದು ಅಪ್ಪ. ಏಲಕ್ಕಿ ಜಾಸ್ತಿ ಹಾಕಿಸಿದ್ದ. ನಿನಗೆ ಏಲಕ್ಕಿ ಸೇರುತ್ತದೆ ಎಂದು ಇನ್ನೂ ನೆನಪಿದೆ ಅವನಿಗೆ. ನೀನು ಅಲ್ಲಿಲ್ಲ ಎಂಬುದು ಮಾತ್ರ ಮರೆತಿದ್ದ!

ಮರುದಿನ ಮುಂಜಾನೆ ನೋಡಿದರೆ ಕಾಶಿ ನೆಲ ಹಿಡಿದಿತ್ತು. ಕುತ್ತಿಗೆ ಪಕ್ಕಕ್ಕೆ ತಿರುಗಿಸಿ, ತಲೆಯನ್ನು ಹೊಟ್ಟೆಗೆ ಒರಗಿಸಿ ಮಲಗಿತ್ತು. ಎಬ್ಬಿಸಿದರೆ ಏಳದು. ಕರು ಬಂದು ಮೂಸಿದರೂ ಕಣ್ಣು ಹೊರಳಿಸಲಿಲ್ಲ. ಅಪ್ಪ ಗೊಬ್ಬರ ತರಲು ನಿಡಗುಂದಿಗೆ ಹೋಗಿದ್ದ. ಪಕ್ಕದ ಮನೆಯ ಬೀರಣ್ಣ ಬಂದು, ಹೊಟ್ಟೆ ನೋಡಿ, "ಗಾಳಿ ಹಿಡದೈತಿ ಆಯಿ, ಕಷಾಯ ಹೊಯ್ಯೂಣು" ಎಂದ. ಆಯಿ ಒಲೆ ಹೊತ್ತಿಸಿದಳು.

ನಮ್ಮ ದನದ ಕೊಟ್ಟಿಗೆಯ ಬಾಗಿಲ ಮೇಲೆ ದನದ ಡಾಕ್ಟರ್ ಬಾಯಿಯವರ ನಂಬರ್ ಇದ್ದಿಲಿನಲ್ಲಿ ಬರೆದಿತ್ತು. ಲಸಿಕೆ ಹಾಕಲು ಬಂದಾಗ ಅವರೇ ಬರೆದು ಹೋಗಿದ್ದರು. ಹೆಸರು ಸುವರ್ಣಾ, ಮುದ್ದೇಬಿಹಾಳದವರು. ನಾನು ನಂಬರ್ ಒತ್ತಿದೆ, ಕಟ್ ಮಾಡಿದೆ. ಮತ್ತೆ ಒತ್ತಿದೆ. ಆ ಕಡೆ "ಯಾರ್ರೀ?" ಎಂದಾಗ "ಎಮ್ಮಿ..." ಎಂದೆ, ಮುಂದೆ ಏನೂ ಹೊರಡಲಿಲ್ಲ. ಪುಣ್ಯಕ್ಕೆ ಅವರೇ ಕೇಳುತ್ತಾ ಹೋದರು. "ನಿನ್ನೆ ಈದೈತೇನು? ಕುತ್ತಿಗಿ ತಿರುಗಿಸಿ ಮಲಗೈತೇನು? ಕಿವಿ ತಣ್ಣಗ ಅದಾವೇನು?" ಎಲ್ಲದಕ್ಕೂ ನನ್ನ ಹಳೆಯ ಹೂಂ, ಹೂಂ. ಮೊದಲ ಸಲ ಅದು ಉಪಯೋಗಕ್ಕೆ ಬಂತು ನೋಡು!

"ಬರಾಕತ್ತೇನಿ. ಬಾಯಾಗ ಏನೂ ಹಾಕಬ್ಯಾಡ್ರಿ. ಈಗ ಅದಕ್ಕ ನುಂಗಾಕ ಬರೂದಿಲ್ಲ, ಪುಪ್ಪಸಕ್ಕ ಹೊಕ್ಕು ಸಾಯ್ತೈತಿ" ಎಂದರು.

ಫೋನ್ ಇಟ್ಟು ತಿರುಗಿದರೆ ಬೀರಣ್ಣ ಕಾಶಿಯ ಬಾಯಿ ಮೇಲೆತ್ತಿ ಹಿಡಿದಿದ್ದ, ಆಯಿ ಬಿದಿರಿನ ಗೊಟ್ಟದ ತುಂಬ ಕಷಾಯ ತುಂಬಿ ಬಗ್ಗಿದ್ದಳು. ಸುತ್ತಲೂ ವಸ್ತಿಯ ಮಂದಿ. ಗುಲನಾಜ, ನನ್ನ ನಾಲಿಗೆ ಅಂಟಿಕೊಂಡಿತು. ಆಯಿಯ ಸೆರಗು ಜಗ್ಗಿದೆ, ಅವಳು ಕೊಡವಿಕೊಂಡಳು. ಗೊಟ್ಟದ ತುದಿ ಕಾಶಿಯ ತುಟಿ ಮುಟ್ಟಿತು. ಆಗ ಎಲ್ಲಿಂದ ಬಂತೋ, "ಬಿಡ್ರೀ! ಹಾಕಬ್ಯಾಡ್ರಿ! ಸಾಯ್ತೈತಿ!" ಎಂದು ಚೀರಿದೆ. ಗೊಟ್ಟ ಆಯಿಯ ಕೈ ಜಾರಿ ಕಷಾಯವೆಲ್ಲ ಬೀರಣ್ಣನ ಧೋತರದ ಮೇಲೆ ಹೋಯಿತು.

"ಇದ್ಯಾರ ದನಿ ಯವ್ವಾ? ಸುನಂದಾಗ ಬಾಯಿ ಐತೇನ?" ಎಂದ ಅವನು, ಧೋತರ ಜಾಡಿಸುತ್ತಾ.

"ಐತಿ. ಡಾಕ್ಟರ್ ಬಾಯಿ ಬರೂತನಕ ಯಾರೂ ಮುಟ್ಟಬ್ಯಾಡ್ರಿ" ಎಂದೆ. ಎಮ್ಮೆಗೆ ಅಡ್ಡ ನಿಂತೆ.

ಡಾಕ್ಟರ್ ಬಾಯಿ ಬಂದರು, ಅಪ್ಪನೂ ಬಂದ. ಕುತ್ತಿಗೆಯ ನರಕ್ಕೆ ಸೂಜಿ ಹಾಕಿ ಕ್ಯಾಲ್ಸಿಯಂ ಬಾಟಲಿಯನ್ನು ನನ್ನ ಕೈಗೇ ಕೊಟ್ಟರು. "ಎತ್ತರ ಹಿಡೀಬ್ಯಾಡ. ಜೋರಾಗಿ ಹೋದ್ರ ಎದಿ ಬಡಿತ ನಿಲ್ತೈತಿ" ಎಂದು ಎಮ್ಮೆಯ ಎದೆಗೆ ನಳಿಗೆ ಹಚ್ಚಿ ಕಿವಿಗೊಟ್ಟು ಕುಳಿತರು.

"ಕ್ಯಾಲ್ಸಿಯಂ ಅಂದ್ರೇನ್ರಿ ಬಾಯಿ?" ಎಂದಳು ಆಯಿ.

"ಸುಣ್ಣದಾಗ ಇರ್ತೈತಲ್ಲ ಆಯಿ, ಅದು."

"ಅಷ್ಟ ಏನು! ನನ್ನ ಎಲಿ ಸಂಚ್ಯಾಗ ಡಬ್ಬಿ ತುಂಬ ಸುಣ್ಣ ಐತಿ, ಇವನ್ನೆಲ್ಲಾ ಯಾಕ ಚುಚ್ಚತೀರಿ?"

ಡಾಕ್ಟರ್ ಬಾಯಿ ನಕ್ಕ ನಗುವಿಗೆ ಕರು ಹೆದರಿ ಹಿಂದೆ ಸರಿಯಿತು.

ಬಾಟಲಿ ಮುಗಿದ ಮೇಲೆ, ಏಳುತ್ತದೋ ಇಲ್ಲವೋ ಎಂದು ಎಲ್ಲರೂ ಕಾಯುವಾಗ ಅವರು ನನ್ನ ಕೈ ಹಿಡಿದು ತೋರಿಸಿದರು. ನೀನು ಬಿ.ಎ. ಓದಿದವಳು, ಇದು ನಿನಗೂ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಬರೆಯುತ್ತೇನೆ. "ಮಾಂಸಖಂಡದೊಳಗ ಕಣ್ಣಿಗೆ ಕಾಣದಂಥ ಎರಡು ನಮೂನಿ ಪ್ರೋಟೀನ್ ಎಳಿ ಇರ್ತಾವ. ನನ್ನ ಬೆರಳು ದಪ್ಪ ಎಳಿ ಅಂತ ತಿಳಕೋ, ನಿನ್ನವು ತೆಳ್ಳನ ಎಳಿ. ದಪ್ಪ ಎಳಿಗೆ ಸಣ್ಣ ಸಣ್ಣ ಕೈ ಇರ್ತಾವ. ಅವು ತೆಳ್ಳನ ಎಳಿ ಹಿಡದು ಜಗ್ತಾವ. ಒಂದರ ಸಂದಿನ್ಯಾಗ ಒಂದು ಸರೀತಾವ, ಖಂಡ ಬಿಗೀತೈತಿ, ಎಮ್ಮಿ ಎದ್ದು ನಿಲ್ತೈತಿ" ಎಂದರು. ಆಮೇಲೆ ಅಪ್ಪನ ಹೆಗಲ ಟವೆಲ್ ಕಸಿದು ನನ್ನ ಬೆರಳ ಮೇಲೆ ಹೊದಿಸಿದರು. "ಆದ್ರ ಹಿಡಿಯೂ ಜಾಗಾದ ಮ್ಯಾಲ ಹಿಂಗ ಒಂದು ಮುಚ್ಚಿಗಿ ಇರ್ತೈತಿ. ಆ ಮುಚ್ಚಿಗಿಗೆ ಒಂದು ಕೊಂಡಿ. ಕ್ಯಾಲ್ಸಿಯಂ ಬಂದು ಕೊಂಡ್ಯಾಗ ಕುಂತ್ರ ಮುಚ್ಚಿಗಿ ಸರೀತೈತಿ, ಕೈಗೆ ಹಿಡಿತ ಸಿಗ್ತೈತಿ. ಕ್ಯಾಲ್ಸಿಯಂ ತನ್ನ ಜಾಗಾಕ್ಕ ತಿರುಗಿ ಹೋದ್ರ ಮತ್ತ ಮುಚ್ಚತೈತಿ, ಖಂಡ ಸಡ್ಲ ಬಿಡ್ತೈತಿ. ನಿಮ್ಮ ಕಾಶಿ ರಕ್ತದಾಗಿನ ಕ್ಯಾಲ್ಸಿಯಂ ಎಲ್ಲಾ ಗಿಣ್ಣದ ಹಾಲಿನ ಕೂಡ ಹೊರಗ ಹೋತು."

ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಹದಿನಾಲ್ಕ ಮನಿಗೆ ನಾನ ಹಂಚಿದ್ನಿ ಹಂಗಾರ, ಇದರ ಜೀವ." ಡಾಕ್ಟರ್ ಬಾಯಿ ಅವಳ ಬೆನ್ನು ಸವರಿ, "ಮೊದಲ ಮೂರ್ನಾಕು ದಿನ ಪೂರ್ತಿ ಹಿಂಡಬ್ಯಾಡ್ರಿ, ಅಷ್ಟ. ಹಂಚೂದು ತಪ್ಪಲ್ಲ ಆಯಿ" ಎಂದರು.

ಅಷ್ಟರಲ್ಲಿ ಕಾಶಿಯ ತೊಡೆ ನಡುಗಿತು. ಒಂದು ತೇಗು ಬಂತು. ಆಮೇಲೆ ಬುಟ್ಟಿಯಷ್ಟು ಸಗಣಿ ಹಾಕಿತು! ಸಗಣಿ ನೋಡಿ ಹದಿನಾಲ್ಕು ಮನೆಯ ಮಂದಿ ಚಪ್ಪಾಳೆ ತಟ್ಟಿದ್ದನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಹಿಂಗಾಲು ಊರಿ, ಮುಂಗಾಲು ಊರಿ, ಎದ್ದೇ ನಿಂತಿತು. ಕರು ಓಡಿ ಹೋಗಿ ಕೆಚ್ಚಲಿಗೆ ಗುದ್ದಿತು.

ಹೊರಡುವಾಗ ಡಾಕ್ಟರ್ ಬಾಯಿ ಕೇಳಿದರು, "ಶಾಣ್ಯಾಕಿ ಅದೀ. ಎಷ್ಟರ ತನಕ ಸಾಲಿ ಕಲ್ತಿ?" ಐದು ಎಂದೆ. "ಯಾಕ ಬಿಟ್ಟಿ?" ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ನಾನ ಬಿಡ್ಸಿದ್ನಿರಿ, ತಪ್ಪ ನಂದ" ಎಂದ.

ಇರಲಿ. ಮುಂದಿನ ತಿಂಗಳು ಚೊಚ್ಚಲ ಬಾಣಂತನಕ್ಕೆ ನೀನು ಬರುತ್ತೀ ಎಂದು ಕಾಕಿ ಹೇಳಿದರು. ನರ್ಸ್ ಕೊಟ್ಟ ಕ್ಯಾಲ್ಸಿಯಂ ಗುಳಿಗೆ ತಪ್ಪಿಸಬೇಡ ಎಂದು ಬರೆ ಅಂತ ಆಯಿ ಹೇಳುತ್ತಿದ್ದಾಳೆ. ಅವಳು ಈಗ ವಸ್ತಿಗೆಲ್ಲ ಡಾಕ್ಟರ್! ನಿನಗೂ ಹೊಟ್ಟೆಯೊಳಗಿನ ಕೂಸಿಗೂ ಕೈಕಾಲು ಗಟ್ಟಿ ಇರಲಿ, ನೂರು ವರ್ಷ ನಗುತ್ತಾ ಇರಿ.

ನಿನ್ನ
ಸುನಂದಾ

ತಾ.ಕ.: ಅಪ್ಪ ಸಾಲಿ ಬಿಡಿಸಲಿಲ್ಲ, ಗುಲನಾಜ. ಆರನೇ ಇಯತ್ತೆಗೆ ಹೆಸರು ಹಚ್ಚಲು ನನ್ನನ್ನು ಮಸೂತಿಗೆ ಕರೆದುಕೊಂಡು ಹೋಗಿದ್ದ, ಹೊಸ ಪಾಟೀಚೀಲ ಕೊಡಿಸಿದ್ದ. ನೀನು ಅವತ್ತು ಜ್ವರ ಬಂದು ಮಲಗಿದ್ದಿ. ಗುರುಗಳು ಹೆಸರು ಕೇಳಿದರು, ನನಗೆ ಹೇಳಲು ಆಗಲಿಲ್ಲ. ಮೂರು ಸಲ ಕೇಳಿದರು. ಹುಡುಗರೆಲ್ಲ ನಕ್ಕರು. ದಾರಿಯುದ್ದಕ್ಕೂ ಅತ್ತು, ನಾನೇ ಹೋಗುವುದಿಲ್ಲ ಎಂದೆ, ಯಾರಿಗೂ ಹೇಳಬೇಡ ಎಂದು ಅಪ್ಪನಿಂದ ಆಣೆ ಹಾಕಿಸಿದೆ. "ಆತು, ಯಾರರ ಕೇಳಿದ್ರ ನಾನ ಬ್ಯಾಡ ಅಂದ್ನಿ ಅಂತ ಹೇಳ್ತೇನಿ" ಎಂದ. ಹನ್ನೊಂದು ವರ್ಷ ಅದನ್ನೇ ಹೇಳಿದ. ನೀನು ನಮ್ಮ ಅಂಗಳದಲ್ಲಿ ನಿಂತು "ನೀವು ಕೆಟ್ಟವ್ರು" ಎಂದು ಅತ್ತಾಗಲೂ ಹೇಳಿದ. ಅವತ್ತಿನಿಂದ ನೀನು ಅವನನ್ನು ಕಾಕಾ ಎನ್ನಲಿಲ್ಲ, ನಾನು ಬಾಗಿಲ ಹಿಂದೆ ನಿಂತು ಕೇಳಿಯೂ ಸುಮ್ಮನಿದ್ದೆ. ಬಂದಾಗ ಅವನನ್ನು ತಪ್ಪಿಸಿ ಕೊಟ್ಟಿಗೆ ಕಡೆಯಿಂದ ಬರಬೇಡ. ಮುಂಬಾಗಿಲಿಂದ ಬಾ. ಅಪ್ಪ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಒಂದು ಸಲ ಕಾಕಾ ಅನ್ನು. ಉಳಿದದ್ದನ್ನು, ಎಲ್ಲರ ಮುಂದೆ, ನಾನೇ ಹೇಳುತ್ತೇನೆ.